ಒಂಬೈನೂರ ತೊಂಬತ್ತು ಗ್ರಾಂ ಪದಕೋಶ

ಒಂಬತ್ತು ವರ್ಷ ನಾನು ಎರಡೂವರೆ ಕೆ.ಜಿ.ಯ ಲ್ಯಾಪ್‌ಟಾಪನ್ನು ಹೆಗಲಿಗೆ ನೇತುಹಾಕಿಕೊಂಡು ಪುಟ್ಟೇನಹಳ್ಳಿಯಿಂದ ಜಯನಗರಕ್ಕೆ ಬಸ್ಸಿನಲ್ಲಿ ನಿಂತು ಹೋಗಿದ್ದೇನೆ. ಹಗಲು ಅದು ಆಫೀಸಿನ ಕೆಲಸಕ್ಕೆ. ಒಂದು ಸಣ್ಣ ಪ್ರಕಾಶನದಲ್ಲಿ ಪತ್ರ, ಪಾರ್ಸೆಲ್ಲು, ಫೋನು ನೋಡಿಕೊಳ್ಳುವವಳು ನಾನು. ಸಂಜೆ ಮನೆಗೆ ಬಂದರೆ ಅದು ನಮ್ಮ ಮಾವನವರದು. ಮೇಷ್ಟ್ರಾಗಿ ನಿವೃತ್ತರಾದ ಕರಿಬಸವಯ್ಯನವರಿಗೆ ಈಗ ಎಂಬತ್ತೆರಡು. ಮನೆಗಳಲ್ಲಿ ಆಡುತ್ತಿದ್ದು ಈಗ ಮಾಯವಾಗುತ್ತಿರುವ ಮಾತುಗಳನ್ನು ಸೇರಿಸಿ ‘ಮನೆಮಾತಿನ ಪದಕೋಶ’ ಮಾಡುತ್ತಿದ್ದರು. ಊಟಕ್ಕೆ ಕರೆಯುವವರೆಗೂ ಒಂದೇ ಬೆರಳಲ್ಲಿ ಟಕ್ ಟಕ್ ಎಂದು ಕುಟ್ಟುವುದು. ಯುಗಾದಿಯ ಹೊತ್ತಿಗೆ ಅದು ನಮ್ಮ ಆಫೀಸಿನಿಂದಲೇ ಅಚ್ಚಾಗಿ ಬರಬೇಕಿತ್ತು, ಫೈಲನ್ನು ಇನ್ನೂ ಕೊಟ್ಟಿರಲಿಲ್ಲ. ನಾನು ಮಾತ್ರ ಅದರ ಒಂದು ಪುಟವನ್ನೂ ಓದಿರಲಿಲ್ಲ. ಹಗಲೆಲ್ಲ ಪುಸ್ತಕದವರ ಜೊತೆ ಏಗಿ ಬಂದವಳಿಗೆ ಮನೆಯಲ್ಲೂ ಅದೇ ಕರ್ಮ ಯಾಕೆ?

ಹೆಗಲು ಹಿಡಿದುಕೊಂಡು ಕೈ ಎತ್ತಲಾಗದ ಹಾಗಾದಾಗ ಡಾಕ್ಟರು ಭಾರ ಹೊರಬೇಡಿ ಎಂದರು. ಸರಿ, ಹಗುರವಾದದ್ದೊಂದನ್ನು ಕೊಳ್ಳೋಣವೆಂದು ಜಯನಗರದ ಅಂಗಡಿಗೆ ಹೋದೆ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜೊತೆಗೆ ಬಂದರು.

ಅಂಗಡಿಯ ಸುಭಾಷ್ ಎರಡನ್ನು ಮುಂದಿಟ್ಟ. ಒಂದು ಒಂಬೈನೂರ ತೊಂಬತ್ತು ಗ್ರಾಂ, ಇನ್ನೊಂದು ಒಂದು ಕೆ.ಜಿ. ಮುನ್ನೂರು. ಹಗುರದ್ದರ ಬ್ಯಾಟರಿ ಹದಿನಾಲ್ಕು ಗಂಟೆ ಬರುತ್ತದಂತೆ. ಆದರೆ ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ, ಅದಕ್ಕೊಂದು ಬಾಲ ಬೇರೆ ಕೊಳ್ಳಬೇಕು. ಭಾರದ್ದರಲ್ಲಿ ಎಲ್ಲ ಪೋರ್ಟೂ ಇದ್ದವು, ಸ್ಕ್ರೀನು ಒಂದಿಂಚು ದೊಡ್ಡದು, ಕೀಗಳು ಬೆರಳಿಗೆ ಚೆನ್ನಾಗಿ ಸಿಗುತ್ತಿದ್ದವು, ಬ್ಯಾಟರಿ ಮಾತ್ರ ಏಳೇ ಗಂಟೆ. ಆಫೀಸಿಗೆ ಹಗುರದ್ದು, ಮನೆಗೆ ಇನ್ನೊಂದು ತೆಗೆದುಕೊಳ್ಳಿ ಎಂದು ಸುಭಾಷ್ ಸಲಹೆ ಕೊಟ್ಟ. ನಮ್ಮದೇನು ಅರಮನೆಯಾ ಎಂದು ಕೇಳಿದೆ. ಮಾವ ಎರಡನ್ನೂ ಕುಟ್ಟಿ ನೋಡಿ, ಭಾರದ್ದೇ ಅಕ್ಷರಕ್ಕೆ ಅನುಕೂಲವೆಂದು ಮೆಲ್ಲಗೆ ಹೇಳಿದರು. ಹೊತ್ತುಕೊಂಡು ತಿರುಗುವವಳು ನಾನು ಎಂದೆ. ಅವರು ಭಾರದ್ದರ ಮುಚ್ಚಳ ಮುಚ್ಚಿದರು.

ಸುಭಾಷ್ ಹಳೆಯದರಲ್ಲಿದ್ದುದನ್ನೆಲ್ಲ ತನ್ನ ಪೆನ್‌ಡ್ರೈವಿನ ಮೂಲಕ ಹಗುರದ್ದಕ್ಕೆ ಹಾಕಿಕೊಟ್ಟ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಮನೆಗೆ ಬಂದೆವು.

ಆ ಸಂಜೆ ಮಾವ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಹೊಸದರ ಮುಂದೆ ಕೂತರು. ನಾನು ಪದಕೋಶದ ಫೈಲನ್ನು ತೆರೆದೆ. ಎಂಟುನೂರು ಪುಟದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಟೋಪಿ, ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಅದೇ. ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಶ್ರೀದೇವಿ, ನನ್ನ ಅಕ್ಷರ ಎಲ್ಲಮ್ಮ?” ಎಂದರು.

ತೂಕ ಇಳಿಸಲು ಲ್ಯಾಪ್‌ಟಾಪ್ ಕಂಪನಿಯವರು ಕನ್ನಡವನ್ನೇ ಕಿತ್ತುಹಾಕಿದ್ದಾರೆಂದು ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದೆ. ಒಳಗೆ ಮನೆಯಿಂದಲೇ ಕೆಲಸ ಮಾಡುವ ನನ್ನ ಗಂಡ ರೇವಂತ್ ಹೆಡ್‌ಫೋನಿನ ಒಂದು ಕಿವಿ ಸರಿಸಿ, ಗೂಗಲ್ ಮಾಡಿ ನೋಡು ಎಂದು ಮತ್ತೆ ಮುಚ್ಚಿಕೊಂಡರು.

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ನಾನು ಅಲ್ಲಿದ್ದೆ. ಸುಭಾಷ್ ಫೈಲು ನೋಡಿ, ಕೆಟ್ಟುಹೋಗಿದೆ ಮೇಡಂ ಎಂದ. ಹಳೆಯದನ್ನು ವಾಪಸು ಕೊಡು ಎಂದರೆ, ನಿನ್ನೆಯೇ ಎಲ್ಲ ಅಳಿಸಿ ಗೋಡೌನಿಗೆ ಕಳಿಸಿಯಾಗಿದೆ ಎಂದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದರೆ ಅಕ್ಷರ ಬರುತ್ತದೆಯೇ? ಒಬ್ಬ ಮನುಷ್ಯನ ಒಂಬತ್ತು ವರ್ಷವನ್ನು ನನ್ನ ಹೆಗಲಿನ ಸುಖಕ್ಕೆ ನುಂಗಿದೆನಲ್ಲ ಎಂದು ನನ್ನನ್ನೂ ಬೈದುಕೊಂಡೆ. ಮಾವ ಆವತ್ತು ಎರಡು ತುತ್ತು ಮುದ್ದೆ ಮುರಿದು ಎದ್ದರು. ಮಾರನೆಯ ದಿನ ಅದೂ ಇಲ್ಲ.

ಆ ದಿನ ಆಫೀಸಿನಲ್ಲಿ ಪುಟ ಕಟ್ಟುವ ಹನಮಂತನ ಮುಂದೆ ಲ್ಯಾಪ್‌ಟಾಪ್ ಇಟ್ಟು ಅತ್ತೇಬಿಟ್ಟೆ. ಅವನು ಒಮ್ಮೆ ನೋಡಿ ನಕ್ಕ.

“ಏನೂ ಹೋಗಿಲ್ಲ ಅಕ್ಕ. ನಿಮ್ಮ ಮಾವ ಹಳೇ ಫಾಂಟಲ್ಲಿ ಹೊಡ್ದವ್ರೆ. ಹೊಸದ್ರಲ್ಲಿ ಆ ಫಾಂಟ್ ಇಲ್ಲ, ಅಷ್ಟೇ.”

ತನ್ನ ಕಂಪ್ಯೂಟರಿನಿಂದ ಏನನ್ನೋ ತಂದು ಹಾಕಿದ. ಟೋಪಿ, ಚುಕ್ಕೆ, ಪೌಂಡುಗಳೆಲ್ಲ ಮಾಯವಾಗಿ ಪುಟದ ತುಂಬ ಕನ್ನಡ ಬಂದು ಕೂತಿತು. ಕೈಮುಗಿಯಬೇಕು ಅನಿಸಿತು. ಅಷ್ಟರಲ್ಲಿ ಹನಮಂತ ಎರಡು ಸಾಲು ಓದಿ ಕೆಮ್ಮಿದ. ನನ್ನ ಮುಖ ನೋಡದೆ ಟೀ ಕುಡಿದು ಬರುತ್ತೇನೆಂದು ಎದ್ದು ಹೋದ. ನಾನು ಓದಿದೆ.

‘ಬಡಿದುಕೊ. ಕ್ರಿ. ಹೇಳಿ ಹೇಳಿ ಸಾಕಾಗು. “ಒದ್ದೆ ಟವೆಲ್ ಮಂಚದ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಿ.” ಶ್ರೀ.’

‘ರೇಜಿಗೆ. ನಾ. ಬೇಸರ, ಕಿರಿಕಿರಿ. “ಈ ಮನೆ ರೇಜಿಗೆ ಸಾಕಾಗೋಯ್ತು ನಂಗೆ.” ಶ್ರೀ.’

‘ಗೂರು. ಕ್ರಿ. ಉಬ್ಬಸದಿಂದ ಕೆಮ್ಮು. “ರಾತ್ರಿಯೆಲ್ಲ ಗೂರ್ತಿದ್ರೆ ನಾವು ಮಲಗೋದು ಬೇಡ್ವಾ.” ಶ್ರೀ.’

‘ಶ್ರೀ’ ಎಂದರೆ ಏನೋ ಮರ್ಯಾದೆಯ ಗುರುತು ಇರಬೇಕೆಂದುಕೊಂಡೆ. ಮೊದಲ ಪುಟಕ್ಕೆ ಹೋಗಿ ಸಂಕೇತಗಳ ಪಟ್ಟಿ ನೋಡಿದೆ. ನಾ., ನಾಮಪದ. ಕ್ರಿ., ಕ್ರಿಯಾಪದ. ಶ್ರೀ., ಶ್ರೀದೇವಿ, ನನ್ನ ಸೊಸೆ.

ಆ ಸಂಕೇತವನ್ನು ಹುಡುಕಲು ಹಾಕಿದೆ. ಮೂರು ಸಾವಿರದ ನೂರ ಹನ್ನೆರಡು ಕಡೆ ಇತ್ತು. ನನ್ನ ಸಿಡುಕು, ಗೊಣಗು, ವ್ಯಂಗ್ಯ, ಎಲ್ಲವೂ ಅಕಾರಾದಿಯಾಗಿ. ಇದನ್ನು ನನ್ನ ಆಫೀಸೇ ಅಚ್ಚು ಹಾಕಿಸಿ, ನಾನೇ ಪಾರ್ಸೆಲ್ ಕಟ್ಟಿ ಊರೂರಿಗೆ ಕಳಿಸಬೇಕು. ನಾದಿನಿಯರು ಓದುತ್ತಾರೆ. ತವರಿನವರು ಓದುತ್ತಾರೆ.

ಬಸ್ಸಿನಲ್ಲಿ ತೊಡೆಯ ಮೇಲೆ ಆ ಒಂಬೈನೂರ ತೊಂಬತ್ತು ಗ್ರಾಂ ಇಟ್ಟುಕೊಂಡು ಒಂದೇ ಯೋಚನೆ ಮಾಡಿದೆ. ಫೈಲು ಹೋಯಿತೆಂದು ಮಾವ ಆಗಲೇ ನಂಬಿದ್ದಾರೆ. ಒಂದು ಬೆರಳು ಒತ್ತಿದರೆ ಅದು ನಿಜವಾಗುತ್ತದೆ. ಹನಮಂತನ ಬಾಯಿ ನಾನು ಮುಚ್ಚಿಸಬಲ್ಲೆ. ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಮುಚ್ಚಳ ತೆರೆದು ಬೆರಳನ್ನೂ ಇಟ್ಟಿದ್ದೆ. ಒತ್ತಲಿಲ್ಲ. ಒಳ್ಳೆಯತನದಿಂದ ಅಲ್ಲ, ಮೊದಲು ಎದುರಿಗೆ ನಿಲ್ಲಿಸಿ ಕೇಳಬೇಕೆಂಬ ಸಿಟ್ಟಿನಿಂದ.

ಮಾವ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಎರಡೇ ದಿನಕ್ಕೆ ಮುಖ ಇಳಿದುಹೋಗಿತ್ತು. ನನ್ನನ್ನು ನೋಡಿ ಹೋಯಿತೇನಮ್ಮ ಎಂದು ಕೇಳಿದರು.

“ಎಲ್ಲಾ ಬಂದಿದೆ ಮಾವ. ಓದಿದೆ.”

ಖುಷಿ ಅವರ ಕಣ್ಣಿಗೆ ಬಂದು, ಎರಡನೆಯ ಮಾತಿಗೆ ಆರಿತು. ನನಗೆ ಕರುಣೆ ಬರಲಿಲ್ಲ.

“ಇಷ್ಟು ದೊಡ್ಡ ಊರಲ್ಲಿ ಆಡ್ಕೊಳ್ಳೋಕೆ ನಾನೊಬ್ಳೇ ಸಿಕ್ಕಿದ್ನಾ ನಿಮಗೆ?”

“ಆಡ್ಕೊಂಡಿಲ್ಲಮ್ಮ,” ಎಂದರು ಮಾವ. ತರಗತಿಯಲ್ಲಿ ವ್ಯಾಕರಣ ಹೇಳಿಕೊಡುವಷ್ಟೇ ಶಾಂತವಾಗಿ ಮುಂದುವರಿಸಿದರು. “ಕೋಶಕ್ಕೆ ಕಟ್ಟಿದ ವಾಕ್ಯ ಹಾಕ್ಬಾರ್ದು, ಯಾರೋ ಆಡಿದ್ದೇ ಬೇಕು. ಈ ಮನೇಲಿ ನನ್ನ ಹತ್ರ ಮಾತಾಡೋಳು ನೀನೊಬ್ಳೇ. ನೀನು ಆಡಿದ್ದು ಒಂದೂ ಬಿಟ್ಟಿಲ್ಲ, ಎಲ್ಲಾ ಬರ್ಕೊಂಡಿದೀನಿ.”

ಒಂಬತ್ತು ವರ್ಷಕ್ಕೆ ಮೂರು ಸಾವಿರದ ನೂರ ಹನ್ನೆರಡು. ಮನಸ್ಸಿನಲ್ಲೇ ಭಾಗಿಸಿದೆ, ನಂಬಿಕೆ ಬಾರದೆ ಮತ್ತೊಮ್ಮೆ ಭಾಗಿಸಿದೆ. ದಿನಕ್ಕೆ ಒಂದು ಮಾತೂ ಬೀಳುವುದಿಲ್ಲ.

ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ಏನು ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ.