ಚೀಟಿಯಲ್ಲಿ ನಾರ್ಮಲ್

ಚಳ್ಳಕೆರೆಯ ಆ ನರ್ಸಿಂಗ್ ಹೋಮಿಗೆ ಹೊಸ ಇಸಿಜಿ ಮಿಷನ್ ಬಂದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಅದನ್ನು ನಡೆಸುವ ಏಕಾಂತಪ್ಪನಿಗೆ ಬೈಗುಳ ತಪ್ಪಿತು. ಹಳೆಯ ಮಿಷನ್ ಬರೀ ಗೆರೆ ಎಳೆಯುತ್ತಿತ್ತು. ಡಾಕ್ಟರು ಕನ್ನಡಕ ಏರಿಸಿ ನೋಡಿ, "ಎದೆ ಮೇಲೆ ಎಲ್ಲಿಟ್ಟಿದ್ದೀಯಲೇ ರಬ್ಬರ್ ಬಲ್ಬು? ಇನ್ನೊಂದ್ಸಲ ತೆಗಿ" ಎಂದು ಗದರುತ್ತಿದ್ದರು. ಹೊಸದಕ್ಕೆ ಕಂಪ್ಯೂಟರ್ ಬುದ್ಧಿ. ತಾನೇ ಗೆರೆ ಎಳೆದು, ತಾನೇ ಓದಿ, ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿಬಿಡುತ್ತಿತ್ತು. ಡಾಕ್ಟರು ಗೆರೆ ನೋಡುವುದನ್ನೇ ಬಿಟ್ಟರು, ಅಕ್ಷರ ಓದಿದರೆ ಸಾಕಾಯಿತು. ಏಕಾಂತಪ್ಪನಿಗೆ ಖುಷಿಯೋ ಖುಷಿ. ಖುಷಿಪಡುವ ವಿಷಯವೇ ಅದು?

ತಳಕಿನ ಸೂರಮ್ಮ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಬೆಳಗಿನಿಂದ ಎದೆ ಹಿಂಡುತ್ತದೆ, ಎಡಗೈ ಸೆಳೆಯುತ್ತದೆ ಅಂದಳು. ಅವತ್ತು ನರ್ಸ್ ರಜ. ಗಂಡ ಬೊಮ್ಮಲಿಂಗಪ್ಪನನ್ನು ಪರದೆಯ ಆಚೆ ಬೆಂಚಿನ ಮೇಲೆ ಕೂರಿಸಿ ಏಕಾಂತಪ್ಪ ಒಳಗೆ ಬಂದ. ಎದೆಗೆ ಆರು ರಬ್ಬರ್ ಬಲ್ಬು ಕಚ್ಚಿಸಬೇಕು, ಅದಕ್ಕೆ ರವಿಕೆ ಬಿಚ್ಚಬೇಕು. ಸೂರಮ್ಮ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಗೋಡೆ ಕಡೆ ಮುಖ ತಿರುಗಿಸಿದಳು.

"ಬ್ಯಾಡಪ್ಪ. ನನ್ನ ಮಗನ ವಯಸ್ಸಿನೋನು ನೀನು."

"ಹಂಗಾರೆ ಬಿಡವ್ವ, ಮ್ಯಾಲೇ ಇಡ್ತೀನಿ," ಅಂದ ಏಕಾಂತಪ್ಪ. ಅವನಿಗೂ ನಾಚಿಕೆಯೇ.

ಆರೂ ಬಲ್ಬುಗಳನ್ನು ಕೊರಳ ಕೆಳಗೆ, ರವಿಕೆಯ ಅಂಚಿಗಿಂತ ಮೇಲೆ ಸಾಲಾಗಿ ಕಚ್ಚಿಸಿದ. ಮಿಷನ್ನಿಗೇನು ಗೊತ್ತು ಪಾಪ, ಕೊಟ್ಟದ್ದನ್ನು ಓದಿತು. ನಾರ್ಮಲ್ ಎಂದಿತು. ಡಾಕ್ಟರು ಗ್ಯಾಸಿಗೆ ಮಾತ್ರೆ ಬರೆದರು. "ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಏಕಾಂತಪ್ಪನನ್ನು ಹರಸಿ ಸೂರಮ್ಮ ಹೊರಟಳು. ತಳಕಿನ ಬಸ್ಸಿನಲ್ಲಿ ಗಂಡನ ಹೆಗಲಿಗೆ ತಲೆ ಒರಗಿಸಿದವಳು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಬೊಮ್ಮಲಿಂಗಪ್ಪ ಒಬ್ಬನೇ ಬಂದ. ಅಂಗಿಯ ಜೇಬಿನಿಂದ ಮಿಷನ್ನಿನ ಚೀಟಿ ತೆಗೆದು ಏಕಾಂತಪ್ಪನ ಮುಂದೆ ಹಿಡಿದ.

"ಇದನ್ನ ಓದಿ ಹೇಳಪ್ಪ. ಅವತ್ತು ಬಸ್ ಸ್ಟ್ಯಾಂಡಿನಾಗೆ, ಯಾಕೋ ತಡೆಯಾಕಾಗ್ತಿಲ್ಲ, ದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗು ಅಂದಿದ್ಲು. ಏನೂ ಇಲ್ಲ ಅಂದಾರಲ್ಲ, ಮನೆಗೇ ಹೋಗಾನ ಅಂದೆ ನಾನು. ನಂದೇ ತಪ್ಪು ಅಂತಾನೆ ಮಗ. ಏನೈತೆ ಇದ್ರಾಗೆ?"

"ನಾರ್ಮಲ್ ಅಂತೈತೆ ಯಜಮಾನ್ರೆ."

"ಹಂಗಾರೆ ಮಿಷನ್ನೇ ಸುಳ್ಳು ಹೇಳೈತಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಷ್ಟು ದಿನವೂ ಡಾಕ್ಟರ ಎದುರು, ತನ್ನ ಹೆಂಡತಿಯ ಎದುರು ಅವನು ಒರೆಸಿದ್ದು ಹಾಗೆಯೇ. ಆದರೆ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತು ನಿಂತಿದ್ದ ಈ ಮುದುಕನ ಮುಂದೆ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಮಿಷನ್ನಿಂದಲ್ಲ, ನಿಮ್ದೂ ಅಲ್ಲ. ಎದೆ ಮ್ಯಾಲೆ ಇಡಬೇಕಾದ್ದನ್ನ ನಾನು ಕೊರಳ ಹತ್ರ ಇಟ್ಟೆ. ಅವ್ವ ರವಿಕೆ ಬಿಚ್ಚಲ್ಲ ಅಂದ್ರು. ನಂಗೂ ನಾಚ್ಕೆ ಆತು."

ಬೊಮ್ಮಲಿಂಗಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ಎರಡೇಟು ಹಾಕಿದ್ದರೆ ಏಕಾಂತಪ್ಪನ ಸಂಕಟ ಅಷ್ಟಾದರೂ ಇಳಿಯುತ್ತಿತ್ತು. ಮುದುಕ ಪರದೆಯನ್ನು ನೋಡಿದ. ತಾನು ಅವತ್ತು ಕೂತಿದ್ದ ಬೆಂಚನ್ನು ನೋಡಿದ. ನಡುವೆ ಮೂರು ಹೆಜ್ಜೆಯೂ ಇರಲಿಲ್ಲ.

"ನಾನು ಇಲ್ಲೇ ಕೂತಿದ್ನಲ್ಲಪ್ಪ," ಅಂದ. "ಒಂದು ಸಲ ಕರೆದಿದ್ರೆ ನಾನೇ ಬಿಚ್ಚಿಸ್ತಿದ್ದೆ."