ಕಾಶಿಯಲ್ಲಿ ಬಿಟ್ಟ ಸೂಜಿ

ಆ ದಿನ ನಮ್ಮ ಅತ್ತೆ ಅನ್ನದಾನಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಊರಿಂದ ಬಂದವರು ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತು, ಕಾಶಿಗೆ ಬಂದವರು ಏನಾದರೊಂದನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದು ಮೊಮ್ಮಗಳಿಗೆ ಹೇಳಿಕೊಟ್ಟರು. ತಾವು ಬಿಟ್ಟಿದ್ದು ಹುರಿಗಡಲೆ, ಅದೂ ಹಲ್ಲೆಲ್ಲ ಉದುರಿದ ಮೇಲೆ. ಹನ್ನೊಂದು ವರ್ಷದ ನನ್ನ ವಚನಾ ಮಾತ್ರ ಕಣ್ಣು ಮುಚ್ಚಿ, ತಾನು ಸೂಜಿ ಬಿಡುತ್ತೇನೆ ಎಂದಳು. ಎಲ್ಲರೂ ನಕ್ಕೆವು.

ಅವಳಿಗೆ ಐದನೇ ವಯಸ್ಸಿಗೇ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸೂಜಿಯಂತೆ ಆರು ವರ್ಷ ನಾನೇ ಚುಚ್ಚಿದ್ದೇನೆ, ಈ ಪಾಪಿ ಕೈಯಿಂದ. ನನ್ನ ಗಂಡ ಗುರುಕಿರಣನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ರಾಣೆಬೆನ್ನೂರಿನಿಂದ ಕಾಶಿಯ ಶಿವಾಲಾ ಬಡಾವಣೆಗೆ ಬಂದ ಮೇಲೆ ಇನ್ಸುಲಿನ್ ಪಂಪ್ ಕೊಡಿಸಿದ್ದೆವು. ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅಲ್ಲಿಂದ ಹೊಟ್ಟೆಗೆ ಸಣ್ಣ ನಳಿಕೆ. ಹಗಲೂ ರಾತ್ರಿ ಹನಿಹನಿಯಾಗಿ ಔಷಧಿ ಹೋಗುತ್ತದೆ. ಅದನ್ನೂ ಮೂರು ದಿನಕ್ಕೊಮ್ಮೆ ಚುಚ್ಚಿಯೇ ಕೂರಿಸಬೇಕು, ಆದರೆ ಅವಳ ಪ್ರಕಾರ ಅದು ಅಂಟಿಸುವುದು. ಘಾಟಿನಲ್ಲಿ ಸೂಜಿ ಬಿಟ್ಟಾಯಿತೆಂದು ಅವಳು ಕುಣಿಯುತ್ತಿದ್ದರೆ ಅತ್ತೆ ಸುಮ್ಮನಿರದೆ, ಕಾಶಿಯಲ್ಲಿ ಬಿಟ್ಟಿದ್ದನ್ನು ಮತ್ತೆ ಮುಟ್ಟಿದರೆ ಮನೆಯ ಹಿರಿಯರು ಉಳಿಯುವುದಿಲ್ಲ ಎಂದು ಸೇರಿಸಿದರು. ಆಗಲೇ ನಾನು ಬೈಯಬೇಕಿತ್ತು.

ಹದಿನೈದು ದಿನ ಕಳೆದರೂ ಅತ್ತೆ ನಮ್ಮಲ್ಲೇ ಇದ್ದರು. ಒಂದು ಶನಿವಾರ ಮಧ್ಯಾಹ್ನ ತರಕಾರಿ ತಂದು ಒಳಗೆ ಬಂದರೆ ವಚನಾ ವಾಂತಿ ಮಾಡುತ್ತಿದ್ದಳು. ಪಂಪ್ ಕೆಟ್ಟು ಅದರ ಪರದೆ ಕಪ್ಪಾಗಿತ್ತು. ಬೆಳಿಗ್ಗೆಯೇ ಅದು ಕೂಗಿಕೊಂಡಿತ್ತಂತೆ, ಇವಳು ದಿಂಬಿನಡಿ ಒತ್ತಿ ಹಿಡಿದು ಸುಮ್ಮನಾಗಿಸಿದ್ದಳಂತೆ. ಬೆರಳಿನ ರಕ್ತ ಹಚ್ಚಿ ನೋಡಿದರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ಸಕ್ಕರೆ ಅಳತೆ ಮೀರಿತ್ತು. ಅಲಮಾರಿಯಲ್ಲಿ ಉಳಿದಿದ್ದ ಹಳೆಯ ಸಿರಿಂಜಿಗೆ ಔಷಧಿ ಎಳೆದು ತಿರುಗುವಷ್ಟರಲ್ಲಿ ಅವಳು ಬಚ್ಚಲುಮನೆಗೆ ಹೋಗಿ ಅಗಳಿ ಹಾಕಿಕೊಂಡಿದ್ದಳು.

ಬಡಿದೆ, ಬೈದೆ, ಕೈಮುಗಿದೆ. ಗಂಡನಿಗೆ ಫೋನ್ ಮಾಡಿದರೆ ಅವನು ಊರಿನ ಆಚೆ ತುದಿಯಲ್ಲಿದ್ದ. ಪಕ್ಕದ ಮನೆಯ ಮನೋಜ್ ಹಾರೆ ತಂದು ಮೀಟಿದ. ನೂರು ವರ್ಷದ ಬಾಗಿಲು, ಮಿಸುಕಲಿಲ್ಲ. ಒಳಗಿಂದ ಅವಳು ಏದುಸಿರು ಬಿಡುವುದು ಕೇಳುತ್ತಿತ್ತು. ಆ ಉಸಿರು ನನಗೆ ಗೊತ್ತು, ಐದನೇ ವಯಸ್ಸಿನಲ್ಲಿ ಅವಳು ಸಾಯಲು ಹೊರಟಾಗಲೂ ಹಾಗೆಯೇ ಇತ್ತು.

"ಮಮ್ಮೀ, ಸೂಯೀ ನಹೀ, ಸೂಜಿ ಬೇಡ," ಎಂದಳು, ನಾಲಿಗೆ ತೊದಲುತ್ತಿತ್ತು. "ಅಜ್ಜಿ ಸಾಯ್ತಾಳೆ."

ನನ್ನ ತಲೆ ಕೆಟ್ಟುಹೋಯಿತು. ಅತ್ತೆಯ ಕಡೆ ತಿರುಗಿ ಬಾಯಿಗೆ ಬಂದಂತೆ ಅಂದೆ. ನಿಮ್ಮ ನಾಲಿಗೆಯೇ ನನ್ನ ಮಗಳನ್ನು ತಿಂದಿತು ಎಂದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲ ಬುಡದಲ್ಲಿ ಕೂತರು.

"ವಚನಾ, ಕೇಳಿಲ್ಲೆ. ಸಾಯಾಕ ಇದಕ್ಕಿಂತ ಚಲೋ ಊರು ಎಲ್ಲೈತಿ? ಕಾಶ್ಯಾಗ ಸಾಯಾಕಂತ ಮಂದಿ ವರ್ಷಗಟ್ಲೆ ಕಾಯ್ತಾರ. ನಂಗ ಪುಕ್ಕಟೆ ಸಿಗಾಕತ್ತೈತಿ, ನೀ ಯಾಕ ಅಡ್ಡ ಬರ್ತಿ? ಬಾಗ್ಲಾ ತಗಿ."

ಅವಳು ತೆವಳಿ ಬಾಗಿಲ ಹತ್ತಿರ ಬರುವ ಸದ್ದಾಯಿತು. ಆಮೇಲೆ, "ಸಚ್ಚೀ? ನಿಜವಾಗ್ಲೂ?"

"ಕೇದಾರಪ್ಪನ ಆಣಿ. ನಂಗ ಹೋಗೂ ಆಸೆ ಭಾಳ ಐತಿ."

ಅಗಳಿ ಸರಿಯಿತು. ನೆಲದ ಮೇಲೆ ಬಿದ್ದಿದ್ದವಳ ತೋಳಿಗೆ ಸೂಜಿ ಚುಚ್ಚಿದೆ, ಬಿಡಿಸಿಕೊಳ್ಳಲಿಲ್ಲ. ಮನೋಜ್ ಹೆಗಲ ಮೇಲೆ ಹಾಕಿಕೊಂಡು ಗಲ್ಲಿ ದಾಟಿ ರಸ್ತೆಗೆ ಓಡಿದ, ನಾವು ಹಿಂದೆ ಓಡಿದೆವು.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಡ್ರಿಪ್ ಹಾಕಿದರು. ಸಂಜೆ ಐದಕ್ಕೆ ಡಾಕ್ಟರು ಹೊರಗೆ ಬಂದು, ಇನ್ನೊಂದು ಗಂಟೆ ತಡವಾಗಿದ್ದರೆ ಕೈ ಮೀರುತ್ತಿತ್ತು, ಈಗ ಉಳಿಯುತ್ತಾಳೆ ಎಂದರು. ಗುರುಕಿರಣ ಗೋಡೆಗೆ ಮುಖ ಒತ್ತಿ ಅತ್ತ. ನಾನು ಅತ್ತೆಯನ್ನು ಹುಡುಕಿಕೊಂಡು ಹೋದೆ. ಅಂದ ಮಾತಿಗೆ ಕಾಲು ಹಿಡಿಯಬೇಕಿತ್ತು.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಮುದುಡಿ ಕೂತಿದ್ದರು. ಸುದ್ದಿ ಹೇಳಿದೆ. ತಲೆಯಾಡಿಸಿದರು, ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು.

"ತಾರಾ, ನಂಗ ಸಾಯೂ ಮನಸ್ಸಿಲ್ಲವ್ವ," ಎಂದರು. "ಇವತ್ತ ಊರಿಗೆ ಹೋಗೂ ಗಾಡಿ ಯಾವುದರ ಐತೇನು, ನೋಡು."