ಸುರೇಂದ್ರನ ನಂಬರು

೧
ಈ ಕಥೆಯನ್ನು ಯಾವ ಊರಿನಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಪಾಂಡವಪುರ ಎಂದಿತ್ತು, ಎರಡನೆಯದರಲ್ಲಿ ನಾಗಮಂಗಲ. ಎರಡನ್ನೂ ಹೊಡೆದು ಹಾಕಿದ್ದೇನೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಗಳೂ ಇವೆ. ನಾಲ್ಕರಲ್ಲಿ ಯಾವುದಾದರೊಂದನ್ನು ನೀವೇ ಇಟ್ಟುಕೊಳ್ಳಿ. (ಕನ್ನಡ ಎಂ.ಎ. ಮಾಡಿದವಳು ಒಂದು ಊರಿನ ಹೆಸರಿಗೆ ಇಷ್ಟು ಒದ್ದಾಡಬಾರದು.)

೨
ಊರು ಯಾವುದೇ ಇರಲಿ, ಅಲ್ಲೊಂದು ಸೇವಾ ಕೇಂದ್ರ. ಕಂಪ್ಯೂಟರಿನ ಮುಂದೆ ನಾನು. ಎದುರಿಗೆ ರಂಜಿತ, ಅವಳ ತೊಡೆಯ ಮೇಲೆ ಮಗಳು ಹರ್ಷಿತ. ಮಗುವಿನ ಕಿವಿ ಸೋರುತ್ತಿದೆ. ದುಡ್ಡಿಲ್ಲದೆ ಆಪರೇಷನ್ ಆಗಬೇಕಾದರೆ ಹೆಲ್ತ್ ಕಾರ್ಡ್ ಬೇಕು, ಕಾರ್ಡಿಗೆ ತಾಯಿಯ ಗುರುತು ಬೇಕು. 'ಒಟಿಪಿ ಕಳಿಸು' ಎಂಬ ಬಟನ್ನಿನ ಮೇಲೆ ನನ್ನ ಬೆರಳಿತ್ತು.

"ಒತ್ತಬ್ಯಾಡಿ ಅಕ್ಕ," ಎಂದಳು. "ಆ ಫೋನು ನಮ್ಮೆಜಮಾನ್ರ ಜೇಬಲ್ಲೈತೆ."

ಶೀಳನೆರೆಯಿಂದ ಗಂಡನ ಏಟು ತಾಳಲಾರದೆ ಬಂದವಳು. (ಶೀಳನೆರೆಯೂ ಅಲ್ಲ ಎಂದಿಟ್ಟುಕೊಳ್ಳಿ.) ಮೆಸೇಜು ಹೋದರೆ ಅದರ ಜೊತೆಗೆ ಈ ಕೇಂದ್ರದ ಹೆಸರೂ ಹೋಗುತ್ತದೆ.

ಸಾಲಿನಲ್ಲಿದ್ದ ಕರಿಯಯ್ಯ, "ಏನವ್ವ, ಮಿಸನ್ನು ಮಲ್ಕತ್ತಾ? ನಮ್ಮೆಮ್ಮೆ ಕರ ಆಕೋವಷ್ಟೊತ್ತಾಯ್ತು," ಎಂದ.

"ಸರ್ವರ್ ಡೌನ್," ಎಂದೆ. ಆ ಸುಳ್ಳನ್ನು ಎಲ್ಲರೂ ನಂಬುತ್ತಾರೆ.

೩
(ಇಲ್ಲಿ ವ್ಯವಸ್ಥೆಯ ಬಗ್ಗೆ ಒಂದು ಪ್ಯಾರಾ ಇತ್ತು. ಸುರಕ್ಷತೆ, ಎಲ್ಲರನ್ನೂ ಒಳಗೊಳ್ಳುವುದು, ಇನ್ನೂ ಏನೇನೋ. ರಂಜಿತ ಇಣುಕಿ ಓದಿದಳು.

"ಇಷ್ಟೆಲ್ಲ ಬರ್ದಿದ್ದೀರಿ. ಫೋನು ಯಾರ ಕೈಲೈತವ್ವ ಅಂತ ಕೇಳೋ ಒಂದ್ ಮಾತು ಎಲ್ಲೈತೆ?"

ಪ್ಯಾರಾ ತೆಗೆದೆ.

"ನನ್ನೆಸ್ರೂ ತೆಗೀರಿ."

ಅದನ್ನೂ ತೆಗೆದೆ. ರಂಜಿತ ಎಂಬುದು ನಾನಿಟ್ಟ ಹೆಸರು.)

೪
ಗುರುತಿಗೆ ಜೋಡಿಸಿದ ನಂಬರು ಬದಲಿಸಲು ಬೆರಳಚ್ಚು ಸಾಕು. ಆದರೆ ಹೊಸ ನಂಬರು ಯಾವುದು? ಅವಳ ಬಳಿ ಫೋನಿಲ್ಲ. ಆಪರೇಟರಾದ ನಾನು ನನ್ನ ನಂಬರು ಹಾಕಿದರೆ ಕೆಲಸ ಹೋಗುತ್ತದೆ.

ಮನೆಯಲ್ಲಿ ಇನ್ನೊಂದು ಫೋನಿದೆ. ಸುರೇಂದ್ರ ತೀರಿಕೊಂಡ ಮೇಲೂ ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದೇನೆ. ನನ್ನ ಒಟಿಪಿಗಳು ಈಗಲೂ ಅದಕ್ಕೇ ಬರುತ್ತವೆ. ದಿನವೂ ಊರವರ ನಂಬರು ಬದಲಿಸಿಕೊಡುವ ನಾನು ನನ್ನದನ್ನು ಬದಲಿಸಿಲ್ಲ. (ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.)

"ಈ ನಂಬರು ಹಾಕಲಾ?"

"ಯಾರ್ದು?"

"ನನ್ನ ಗಂಡಂದು."

ಮಗುವನ್ನೆತ್ತಿಕೊಂಡು ಎದ್ದೇಬಿಟ್ಟಳು.

"ಅವರಿಲ್ಲ ರಂಜಿತ. ಹೋದ ವರ್ಷ ತೀರಿಕೊಂಡರು."

ನನ್ನ ಬರಿ ಕುತ್ತಿಗೆ ನೋಡಿದಳು. ಕುಳಿತಳು.

"ಅಂಗಾರೆ ಪರ್ವಾಗಿಲ್ಲ ಬುಡಿ," ಎಂದಳು. "ಬೆಳ್ಳು ಎಲ್ಲಿಡ್ಲಿ?"

೫
ಮುಕ್ತಾಯಗಳು. ಒಂದರಲ್ಲಿ ಮಗುವಿನ ಕಿವಿ ವಾಸಿಯಾಗಿ ಎಲ್ಲರೂ ನಗುತ್ತಾರೆ. ಅದು ಕ್ಯಾಲೆಂಡರಿಗೆ ಚೆನ್ನ. ಇನ್ನೊಂದರಲ್ಲಿ ಅವಳ ಗಂಡ ಕೌಂಟರಿಗೆ ಬಂದು, "ಎಲ್ಲವ್ಳೆ ಯೋಳಿ ಮೇಡಂ, ಮಗೀನ ಮುಖ ನೋಡ್ಬೇಕು," ಎಂದು ಅಳುತ್ತಾನೆ. ಚೆನ್ನಾಗಿಯೇ ಅಳುತ್ತಾನೆ. ಅದನ್ನು ಹರಿದು ಹಾಕಿದೆ. (ಈಗ ಇದನ್ನು ಓದುತ್ತಿರುವವರು ಯಾರೆಂದು ನನಗೇನು ಗೊತ್ತು? ಊರು ಬರೆಯದಿದ್ದುದು ಅದಕ್ಕೇ.)

೬
ಬರೆಯಬಹುದಾದದ್ದು ಇಷ್ಟು. ಒಂದು ಬೆಳಿಗ್ಗೆ ರಂಜಿತ ಯಾರದೋ ಫೋನಿನಿಂದ ಕರೆ ಮಾಡಿದಳು. "ಅಕ್ಕ, ಆಸ್ಪತ್ರೇಲಿವ್ನಿ. ನಂಬರ್ ಕೇಳ್ತಾವ್ರೆ."

ಮನೆಯಲ್ಲಿದ್ದ ಅತ್ತೆಗೆ ಫೋನ್ ಮಾಡಿದೆ.

"ಸುರೇಂದ್ರಂಗೆ ಬಂದೈತೆ ಕಣವ್ವ," ಎಂದರು ಪುಟ್ಟತಾಯಮ್ಮ. ಯಾವಾಗಲೂ ಹಾಗೆಯೇ ಅನ್ನುತ್ತಾರೆ. ನಾನು ತಿದ್ದುವುದಿಲ್ಲ. ಅಂಕಿಗಳನ್ನು ಒಂದೊಂದಾಗಿ ಓದಿದರು, ನಾನು ರಂಜಿತಳಿಗೆ ದಾಟಿಸಿದೆ. ಆಮೇಲೆ ಕೇಳಿದರು, "ಕೆಳಗೆ ಯಾವೂರ ಆಸ್ಪತ್ರೆ ಅಂತ್ಲೂ ಐತೆ. ಓದ್ಲಾ?"

"ಬೇಡ ಅತ್ತೆ. ಅಳಿಸಿಬಿಡಿ."

"ಅಳ್ಸಾಕೆ ಬರಾಕಿಲ್ಲ ಕಣವ್ವ ನಂಗೆ. ಇರ್ಲಿ ಬುಡು, ಅವನತ್ರನೇ ಇರ್ಲಿ."

ಫೋನು ಚಾರ್ಜಿಗಿದೆ. ನಾನಿನ್ನೂ ತೆರೆದು ನೋಡಿಲ್ಲ. ನೀವೂ ಕೇಳಬೇಡಿ.